ತೊಳೆದ ಬಂಡೆ

ಜನರೆದುರು ಬಾಯಿ ತೆರೆದರೆ ತನಗೆ ಬಿಕ್ಕಳಿಕೆ ಬರುತ್ತದೆ ಎಂಬ ಸಂಗತಿಯನ್ನು ಅವಳು ತನ್ನ ದಿನಚರಿಯನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಇವತ್ತು, ಬೆಳಕು ಇನ್ನೂ ಸರಿಯಾಗಿ ಹರಿಯದಿರುವಾಗಲೇ ಹಲಗೆದಾರಿಯ ತುದಿಗೆ ಬಂದು, ಕಟಕಟೆ ಹಿಡಿದು ನಿಂತು, ಎದುರಿನ ಹೊಳೆಯನ್ನೇ ದೊಡ್ಡದೊಂದು ಸಭೆ ಎಂದುಕೊಂಡು ಮಾತಾಡುತ್ತಿದ್ದಳು.

"ನಮ್ಮ ವನ್ಯಜೀವಿ ತಾಣದ ಹೊಸ ದೋಣಿವಿಹಾರಕ್ಕೆ ಎಲ್ಲರಿಗೂ ಸ್ವಾಗತ."

ಹೊಳೆ ಕೆಮ್ಮಲಿಲ್ಲ, ನಗಲಿಲ್ಲ, ಕುರ್ಚಿ ಸರಿಸಿ ಸದ್ದು ಮಾಡಲಿಲ್ಲ. ಸಭಿಕರೆಂದರೆ ಹೀಗಿರಬೇಕು ಅನ್ನಿಸಿ ಅವಳಿಗೆ ಸ್ವಲ್ಪ ಧೈರ್ಯ ಬಂತು. ವಲಯಾಧಿಕಾರಿ ಬರೆದುಕೊಟ್ಟಿದ್ದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಮುಂದಿನ ಸಾಲು ಓದಿದಳು. "ಒಂದು ಕಾಲದಲ್ಲಿ ಈ ತಿರುವಿನಲ್ಲಿ ನೀರುನಾಯಿಗಳು ವಾಸವಾಗಿದ್ದವು. ಇಂದು ಅವು ಇಲ್ಲಿಂದ ಕಣ್ಮರೆಯಾಗಿದ್ದರೂ..."

ಯಾರೋ ಸಿಳ್ಳೆ ಹಾಕಿದರು.

ಅವಳು ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಮುಂದಿನ ಹಲ್ಲು ಮುರಿದವರು ಸಿಳ್ಳೆ ಹಾಕಲು ಹೋದರೆ ಹೇಗೆ ಅರ್ಧ ಗಾಳಿ, ಅರ್ಧ ಸದ್ದು ಬರುತ್ತದೋ ಹಾಗಿತ್ತು ಅದು. ಮತ್ತೊಮ್ಮೆ ಕೇಳಿಸಿತು, ಈ ಸಲ ನೀರಿನ ಕಡೆಯಿಂದ. ತಿರುವಿನಲ್ಲಿ, ಹಳೆಯ ಮರವೊಂದು ಬೇರುಗಳನ್ನೆಲ್ಲ ನೀರಿಗೆ ಇಳಿಬಿಟ್ಟು ನಿಂತಿರುವ ಕಡೆ, ದೊಡ್ಡ ಚಪ್ಪಟೆ ಬಂಡೆಯಿದೆ. ಬಂದ ಜನ ಬುತ್ತಿ ಬಿಚ್ಚಿ ಕೂರುವುದು ಅಲ್ಲೇ. ಆ ಬಂಡೆಯ ಅಂಚಿನ ನೀರು ಸೀಳಿತು. ಒದ್ದೆಯಾದ ಚಪ್ಪಟೆ ತಲೆ. ಅದರ ಹಿಂದೆ ಇನ್ನೊಂದು. ಇನ್ನೂ ಒಂದು.

ಪುಸ್ತಕದಲ್ಲಿ ಬಿಟ್ಟರೆ ಅವಳು ನೀರುನಾಯಿ ನೋಡಿದವಳೇ ಅಲ್ಲ. ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿ, ಮಳೆಗಾಲ ಕಳೆದ ಮೇಲೆ ಈ ತಾಣದ ಮಾಹಿತಿ ಕೇಂದ್ರಕ್ಕೆ ಸೇರಿದಾಗ, ಅವಳಿಗೆ ಹೇಳಿದ ಮೊದಲ ವಿಷಯವೇ ಇಲ್ಲಿ ನೀರುನಾಯಿ ಇಲ್ಲ ಎಂಬುದು. ಈಗ ಅವು ಒಂದೊಂದಾಗಿ ಬಂಡೆ ಹತ್ತಿ, ಮೈ ಕೊಡವಿ, ಬೆನ್ನು ಕೆಳಗೆ ಮಾಡಿ ಹೊರಳಾಡಿದವು. ಒಂದು, ತನ್ನಷ್ಟೇ ಉದ್ದದ ಮೀನನ್ನು ಎರಡು ಕೈಯಲ್ಲೂ ಹಿಡಿದು ತಲೆಯಿಂದ ಶುರುಮಾಡಿ ಕರಕರ ಅಗಿಯಿತು. ಉಳಿದವು ಸಾಲಾಗಿ ನಿಂತು, ಬಾಲವೆತ್ತಿ, ಹಿಂಗಾಲು ತುಳಿತುಳಿದು, ಬಹಳ ಗಂಭೀರ ಮುಖ ಮಾಡಿಕೊಂಡು ಹಿಕ್ಕೆ ಹಾಕಿದವು. ಒಬ್ಬೊಬ್ಬರಾಗಿ ಬಂದು ಹಾಜರಿ ಸಹಿ ಹಾಕಿ ಹೋಗುವ ಗುಮಾಸ್ತರ ಹಾಗೆ.

ಅವಳಿಗೆ ನಗು ಒತ್ತಿಕೊಂಡು ಬಂತು. ಅಂಗೈ ಕಚ್ಚಿಕೊಂಡಳು. ಅಷ್ಟರಲ್ಲಿ ಒಂದು ಹೆಣ್ಣು ಬೇರುಗಳ ಸಂದಿಯಲ್ಲಿ ನುಸುಳಿ ಬಂಡೆಯ ಕೆಳಗೆ ಮಾಯವಾಯಿತು. ಹೊರಗೆ ಬಂದಾಗ ಅದರ ಬಾಯಲ್ಲಿ ಮರಿಯಿತ್ತು. ಕುತ್ತಿಗೆ ಹಿಡಿದು ತಂದ ಮರಿಯನ್ನು ಅದು ಯಾವ ಮುನ್ಸೂಚನೆಯೂ ಇಲ್ಲದೆ ನೀರಿಗೆ ಅದ್ದಿತು. ಮರಿ ಕಿರುಚಿತು. ಮತ್ತೆ ಅದ್ದಿತು. ಸ್ನಾನ ಬೇಡ ಎಂದು ಚಂಡಿ ಹಿಡಿಯುವ ಮಕ್ಕಳ ದನಿಗೂ ಆ ದನಿಗೂ ವ್ಯತ್ಯಾಸವೇ ಇರಲಿಲ್ಲ. ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಹಲಗೆಗಳ ಮೂಲಕ ಅವುಗಳಿಗೆಲ್ಲಿ ಕೇಳಿಸಿಬಿಡುತ್ತದೋ ಎಂದು ಭಯವಾಯಿತು. ಇವೆ! ಇಲ್ಲೇ ಇವೆ! ಸಂಸಾರ ಹೂಡಿಕೊಂಡಿವೆ! ಯಾರನ್ನಾದರೂ ಎಬ್ಬಿಸಿ, ಕೈ ಹಿಡಿದು ಎಳೆದುತಂದು ತೋರಿಸಬೇಕು ಅನ್ನಿಸಿತು. ಹುಟ್ಟಿದಾಗಿನಿಂದ ಅವಳಿಗೆ ಹಾಗೆ ಅನ್ನಿಸಿದ್ದು ಇದೇ ಮೊದಲು.

ಹಿಂದಿನಿಂದ ಕೈಗಾಡಿಯ ಚಕ್ರ ಕಿರ್ರೆಂದಿತು. ಬಂಡೆ ಒಂದೇ ಕ್ಷಣದಲ್ಲಿ ಖಾಲಿಯಾಯಿತು. ನೀರಿನ ಮೇಲೆ ಉಂಗುರಗಳು ಮಾತ್ರ ಉಳಿದವು.

"ಯಾರದು? ಪುಟ್ಟೀ? ಹಾಸಿಗೇಲಿ ಕಾಣ್ಲಿಲ್ಲ ಅಂತ ನಾನು ಗಾಬರಿಯಾದ್ರೆ, ಇಲ್ಲಿ ಬಂದು ತಪಸ್ಸು ಮಾಡ್ತಿದೀಯಾ!"

ಚಿಕ್ಕಮ್ಮ. ಅವಳಿಗೆ ಇಲ್ಲಿ ಕೆಲಸ ಸಿಕ್ಕಿದ್ದೇ ಚಿಕ್ಕಮ್ಮನ ಮಾತಿನ ಮೇಲೆ, ಇರುವುದೂ ಚಿಕ್ಕಮ್ಮನ ಮನೆಯಲ್ಲೇ. ತಾಣದ ಸ್ವಚ್ಛತೆಯ ಮೇಲ್ವಿಚಾರಣೆ ಚಿಕ್ಕಮ್ಮನದು. ಹಲಗೆದಾರಿಯಲ್ಲಿ ಕಡ್ಡಿ ಬಿದ್ದರೂ ಎತ್ತಿ ಹಾಕುವ ಕಟ್ಟುನಿಟ್ಟಿನ ಹೆಂಗಸಾದ್ದರಿಂದ ಎಲ್ಲರ ಬಾಯಲ್ಲೂ ಅವರು 'ಚೊಕ್ಕಮ್ಮ'. ಗಾಡಿಯಲ್ಲಿ ಬಕೆಟ್ಟು, ಉದ್ದ ಹಿಡಿಯ ಕುಂಚ, ಸುರುಳಿ ಸುತ್ತಿದ ಪೈಪು, ಫಿನಾಯಿಲ್ ಡಬ್ಬ.

"ಚಿಕ್ಕಮ್ಮ, ಚಿಕ್ಕಮ್ಮ, ಇಲ್ಲಿ... ಈಗ ತಾನೇ..." ಮಾತುಗಳೆಲ್ಲ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಹಾಕಿಕೊಂಡವು.

ಚಿಕ್ಕಮ್ಮ ಆಗಲೇ ಪೈಪು ಹಿಡಿದು ಬಂಡೆಯ ಮೇಲಿದ್ದರು. "ಥೂ! ನೋಡು ಮತ್ತೆ! ಇವತ್ತಾದ್ರೂ ಬಿಡಬಾರ್ದಾ? ಕದ್ದು ಮೀನು ಹಿಡಿಯೋ ಪೋಲಿಗಳು ಬರ್ತಾರಲ್ಲ, ಅವರ ಜೊತೆ ಬರೋ ನಾಯಿಗಳದ್ದು ಈ ಕೆಲಸ. ಮೀನಿನ ಚಿಪ್ಪು, ನಾತ, ಗಲೀಜು. ದಿನಾ ತೊಳೀತೀನಿ, ದಿನಾ ಹಾಕಿರ್ತವೆ. ಹಟಕ್ಕೆ ಬಿದ್ದಿದಾವೆ ಮುಂಡೇವು."

"ಅದು ಆ ನಾಯಿಗಳಲ್ಲ ಚಿಕ್ಕಮ್ಮ..."

"ಯಾವ ನಾಯಿ ಆದ್ರೇನು, ತೊಳೆಯೋಳು ನಾನು ತಾನೆ? ಪಕ್ಕಕ್ಕೆ ಸರಿ, ಬಟ್ಟೆ ಮೇಲೆ ಎಗರೀತು."

ನೀರು ಬುಸ್ಸೆಂದು ಹಾರಿತು. ಕುಂಚ ಗಸಗಸ ಉಜ್ಜಿತು. ಬೆಳಗಿನ ಹಾಜರಿಯೆಲ್ಲ ಫಿನಾಯಿಲ್ ನೊರೆಯ ಜೊತೆ ಬಂಡೆಯ ಅಂಚಿಗೆ ಹರಿದು ಹೊಳೆ ಸೇರಿತು. ಅವಳು ನೋಡುತ್ತ ನಿಂತಳು. ನೀರುನಾಯಿಗಳು ಒಂದೇ ಜಾಗ ಹುಡುಕಿ ಹಿಕ್ಕೆ ಹಾಕುವುದು ಸುಮ್ಮನೆ ಅಲ್ಲ, ಈ ನೀರು ನಮ್ಮದು, ನಾವಿಲ್ಲಿದ್ದೇವೆ ಎಂದು ಇತರರಿಗೆ ತಿಳಿಸುವುದು ಹಾಗೆಯೇ ಎಂದು ಅವಳು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದಳು.

"ಆ ಸಮೀಕ್ಷೆಯೋರು ಬಂದಾಗ ಇನ್ನೂ ಚೆನ್ನಾಗಿ ಮಾಡಿದ್ದೆ, ನೀನಿನ್ನೂ ಸೇರಿರ್ಲಿಲ್ಲ ಆಗ," ಎಂದರು ಚಿಕ್ಕಮ್ಮ, ಉಜ್ಜುತ್ತಲೇ. "ಸಾಹೇಬ್ರು ಹೇಳಿದ್ರು, ಪಟ್ಟಣದಿಂದ ದೊಡ್ಡ ದೊಡ್ಡ ಓದಿದೋರು ಬರ್ತಾರೆ, ಒಂದು ಕಲೆ ಕಾಣಬಾರ್ದು ಅಂತ. ಅವರು ಏಳೋದ್ರೊಳಗೆ ದಡದ ಕಲ್ಲೆಲ್ಲಾ ಎರಡೆರಡು ಸಲ ತೊಳೆಸಿಬಿಟ್ಟೆ. ಪಾಪ, ಅವರು ಕೈಗೆ ಗ್ಲೌಸ್ ಹಾಕ್ಕೊಂಡು ಕಲ್ಲುಕಲ್ಲಿಗೂ ಬಗ್ಗಿ ಬಗ್ಗಿ ನೋಡಿದ್ದೇ ನೋಡಿದ್ದು. ಏನಾದ್ರೂ ಸಿಕ್ತಾ? ಊಹೂಂ! ಬರಿಗೈಲಿ ಹೋದ್ರು!" ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು ಗೆದ್ದವರ ನಗೆ ನಕ್ಕರು.

ಸಮೀಕ್ಷೆಯವರು ಹುಡುಕಿಕೊಂಡು ಬಂದಿದ್ದೇ ಆ ಹಿಕ್ಕೆಯನ್ನು. ಸಿಗಲಿಲ್ಲವೆಂದೇ 'ನೀರುನಾಯಿ ಇಲ್ಲ' ಎಂದು ವರದಿ ಕೊಟ್ಟಿದ್ದರು. ಇಲ್ಲವೆಂದಾದ ಮೇಲೆಯೇ ಈ ತಿರುವನ್ನು, ಎಂಜಿನ್ ಸದ್ದು ಮಾಡಬಾರದ 'ಶಾಂತಜಲ'ದ ಪಟ್ಟಿಯಿಂದ ತೆಗೆದು, ಎಂಜಿನ್ ದೋಣಿಗಳಿಗೆ ಬಿಟ್ಟುಕೊಟ್ಟಿದ್ದರು. ಇವತ್ತು ಆ ದೋಣಿಗಳ ಮೊದಲ ಓಟ. ಅವು ತಿರುಗಿಕೊಳ್ಳುವ ಜಾಗ ಈ ಬಂಡೆಯ ಬುಡ, ಆ ಬೇರುಗಳ ಬಾಯಿ.

ವಲಯಾಧಿಕಾರಿಯ ಕೋಣೆ ಮದುವೆಮನೆಯ ಹಾಗಿತ್ತು. ಮೇಜಿನ ಮೇಲೆ ಕತ್ತರಿ, ರಿಬ್ಬನ್ನು, ಬಿಸ್ಕತ್ತಿನ ಪೊಟ್ಟಣಗಳು, ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ಟುಗಳ ಗುಡ್ಡೆ. ಎಲ್ಲರೂ 'ಸಾಹೇಬ್ರು' ಎಂದು ಕರೆಯುವ ಆ ಮನುಷ್ಯ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡು ಕೈಯಲ್ಲೂ ದುರ್ಬೀನುಗಳ ಗಾಜು ಒರೆಸುತ್ತಿದ್ದರು. ಅವಳನ್ನು ಕಂಡು ಫೋನಿಟ್ಟರು.

"ಬಾಮ್ಮ ಬಾ! ಬಾಯಿಪಾಠ ಆಯ್ತಾ? ಗೇಟಿನ ಹತ್ರ ನೋಡಿದ್ಯಾ, ಸಾಲು ರಸ್ತೆವರೆಗೂ ಹೋಗಿದೆ! ಮನೆಮಂದಿಯೆಲ್ಲಾ ಟಿವಿ ಬಿಟ್ಟು ಎದ್ದು ಬಂದಿದಾರೆ ಕಣಮ್ಮ!"

"ಸಾರ್, ನೀರು... ಹಿಕ್."

"ಅಲ್ಲಿ ಹೂಜಿ ಇದೆ, ಕುಡಿ, ಕುಡಿ. ಹೆದರ್ಕೋಬೇಡ."

ಅವಳು ಕುಡಿದಳು. ಲೋಟ ಕೆಳಗಿಟ್ಟು, ಗೋಡೆಯ ಗಡಿಯಾರಕ್ಕೆ ಹೇಳುವ ಹಾಗೆ ಹೇಳಿದಳು. "ನೀರುನಾಯಿ ನೋಡಿದೆ ಸಾರ್. ತಿರುವಿನ ಬಂಡೆ ಮೇಲೆ. ಒಂದು ಹಿಂಡು. ಹಿಕ್. ಮರೀನೂ ಇದೆ."

ಸಾಹೇಬರ ಕೈಯಲ್ಲಿನ ಬಟ್ಟೆ ನಿಂತಿತು. ಒಂದು ಗಳಿಗೆ ಅವರ ಮುಖ ಹುಡುಗನ ಮುಖದಂತಾಯಿತು. "ನಿಜವಾಗ್ಲೂ? ಫೋಟೋ ತಗೊಂಡ್ಯಾ?"

"ಇಲ್ಲ ಸಾರ್. ಮರೆತೇಹೋಯ್ತು."

"ಹಿಕ್ಕೆ? ಹೆಜ್ಜೆ ಗುರುತು?"

"ಇತ್ತು ಸಾರ್. ತೊಳೆದುಬಿಟ್ರು. ದಿನಾ ತೊಳೀತಾರೆ. ಸಮೀಕ್ಷೆ ದಿನಾನೂ..."

ಸಾಹೇಬರು ಕುರ್ಚಿಯಲ್ಲಿ ಕುಳಿತರು. ಕಿಟಕಿಯಾಚೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಆ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದರು. "ನೋಡಮ್ಮ, ಈ ಹೊಳೇನ ನಾನು ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದೀನಿ. ನನಗೆ ಒಂದು ಬಾಲಾನೂ ಕಂಡಿಲ್ಲ. ನೀನು ನಸುಗತ್ತಲಲ್ಲಿ ನೋಡಿದ್ದು ಏನೋ ಎಂತೋ. ಬೆಕ್ಕಿರಬಹುದು, ಮುಂಗುಸಿ ಇರಬಹುದು."

"ಮುಂಗುಸಿ ಮರೀಗೆ ಸ್ನಾನ ಮಾಡಿಸಲ್ಲ ಸಾರ್," ಎಂದಳು. ತಾನೇ ಹೇಳಿದ್ದಾ ಎಂದು ಅವಳಿಗೇ ಆಶ್ಚರ್ಯವಾಯಿತು.

ಸಾಹೇಬರು ನಕ್ಕರು. ಆಮೇಲೆ ನಿಟ್ಟುಸಿರಿಟ್ಟರು. "ಬೀಗ ಹಾಕಿ ಕಾಡು ಉಳಿಸ್ತೀವಿ ಅಂದ್ರೆ ಆಗಲ್ಲಮ್ಮ. ಜನ ಬರಬೇಕು, ನೋಡಬೇಕು, ಇದು ನಮ್ದು ಅನ್ನಿಸಬೇಕು. ಆಗ ತಾನೇ ಯಾರಾದ್ರೂ ಬಂದು ಹಾಳು ಮಾಡಿದ್ರೆ ಅವರು ಅಡ್ಡ ನಿಲ್ಲೋದು? ಈ ಒಂದು ದಿನಕ್ಕೆ ಎಷ್ಟು ಬಾಗಿಲು ತಟ್ಟಿದೀನಿ ನಿನಗೆ ಗೊತ್ತಿಲ್ಲ. ದೊಡ್ಡ ಮೇಡಂ ದಾರೀಲಿದಾರೆ. ಈಗ ಹೋಗಿ ಒಬ್ಬಳ ಮಾತಿನ ಮೇಲೆ ಎಲ್ಲಾ ನಿಲ್ಲಿಸಿ ಅಂತ ಹೇಗೆ ಹೇಳಲಿ? ನಾಳೆ ಕ್ಯಾಮೆರಾ ಕಟ್ಟೋಣ. ಆಯ್ತಾ? ನಾಳೆ."

ನಾಳೆ ಅಷ್ಟೊತ್ತಿಗೆ ಎಂಜಿನ್ನುಗಳು ಇಡೀ ದಿನ ಆ ಬೇರುಗಳ ಮುಂದೆ ಗುಡುಗಿರುತ್ತವೆ, ಕಟ್ಟಿದ ಕ್ಯಾಮೆರಾಕ್ಕೆ ಸಿಗುವುದು ಖಾಲಿ ಬಂಡೆ, ವರದಿ ನಿಜವಾಗುತ್ತದೆ. ಇದೆಲ್ಲ ಅವಳ ತಲೆಯೊಳಗೆ ಸ್ಪಷ್ಟವಾಗಿ, ವಾಕ್ಯ ವಾಕ್ಯವಾಗಿಯೇ ಇತ್ತು. ಬಾಯಿಂದ ಬಂದದ್ದು ಮಾತ್ರ, "ಸರಿ ಸಾರ್."

ಸಾಮಾನಿನ ಕೋಣೆಯಲ್ಲಿ ಚಿಕ್ಕಮ್ಮ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು, ಪೊರಕೆಗಳ ನಡುವೆ ನೇತುಹಾಕಿದ ಅಂಗೈಯಗಲದ ಕನ್ನಡಿಯಲ್ಲಿ ಮುಖವನ್ನು ಭಾಗ ಭಾಗವಾಗಿ ನೋಡಿಕೊಳ್ಳುತ್ತಿದ್ದರು. ಇವತ್ತು ಅವರಿಗೊಂದು ಫಲಕ ಕೊಡುವವರಿದ್ದರು. ನಾಡಿನ ಅಷ್ಟೂ ತಾಣಗಳಲ್ಲಿ ಅತ್ಯಂತ ಅಚ್ಚುಕಟ್ಟಾದ ನದೀತೀರ ಎಂದು ಇದನ್ನು ಆರಿಸಿದ್ದರು.

"ಹಣೆ ಮೇಲೆ ಎಣ್ಣೆ ಮಿಂಚ್ತಿದೆಯಾ ನೋಡೇ. ಫೋಟೋದಲ್ಲಿ ಬಲ್ಬಿನ ಥರ ಕಾಣೋದು ಬೇಡ."

ಅವಳು ಹೇಳಿದಳು. ಚಿಕ್ಕಮ್ಮನ ಎದುರು ಬಿಕ್ಕಳಿಕೆ ಬರುವುದಿಲ್ಲ. ಸಿಳ್ಳೆ, ಮೀನು, ಮರಿಯ ಸ್ನಾನ, ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಚಿಕ್ಕಮ್ಮ ಮೊದಲು ನಕ್ಕರು. "ಅಯ್ಯೋ, ಕುತ್ತಿಗೆ ಹಿಡಿದು ಅದ್ದೋದಾ! ನಿಮ್ಮಮ್ಮ ನಿನಗೆ ಮಾಡ್ತಿದ್ದ ಹಾಗೆ!" ಆಮೇಲೆ ಹಿಕ್ಕೆಯ ಮಾತು ಬಂತು, ಸಮೀಕ್ಷೆಯ ಮಾತು ಬಂತು. ಚಿಕ್ಕಮ್ಮ ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತರು.

"ಹಾಗಾದ್ರೆ ದಿನಾ ಬೆಳಗೆದ್ದು ನಾನು..."

"ನಿಮಗೆ ಗೊತ್ತಿರ್ಲಿಲ್ಲವಲ್ಲ ಚಿಕ್ಕಮ್ಮ. ಯಾರೂ ಹೇಳಿರ್ಲಿಲ್ಲ."

"ಗೊತ್ತಿಲ್ದೆ ಮಾಡಿದ್ರೂ ಮಾಡಿದೋಳು ನಾನೇ ತಾನೆ?" ಚಿಕ್ಕಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಫಿನಾಯಿಲ್ಲಿಗೆ ಬೆಳ್ಳಗಾಗಿ ಸುಲಿದ ಬೆರಳುಗಳು. "ಇಷ್ಟು ವರ್ಷ ಯಾರೂ ಕರೆದು ಕೂರಿಸಿ ಒಂದು ಮಾತು ಆಡಿಲ್ಲ ಪುಟ್ಟೀ. ಕಸ ಬಿದ್ದಾಗ ಮಾತ್ರ ನನ್ನ ಹೆಸರು ನೆನಪಾಗೋದು ಇವರಿಗೆ. ಇವತ್ತು ಮೊದಲ್ನೇ ಸಲ ವೇದಿಕೆಗೆ ಕರೀತಿದಾರೆ." ಕತ್ತೆತ್ತದೆಯೇ ಕೇಳಿದರು. "ನಾಳೆ ಹೇಳಿದ್ರೆ ಆಗಲ್ವಾ? ಇವತ್ತು ಫಲಕ ತಗೊಂಡು ಮನೆಗೆ ಹೋಗಿಬಿಡ್ತೀನಿ. ನಾಳೆ ಬೇಕಾದ್ರೆ ಊರಿಗೆಲ್ಲಾ ಡಂಗುರ ಹೊಡಿ."

ಅವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಚಿಕ್ಕಮ್ಮ ಹೌದೆಂದುಕೊಂಡು ಅವಳ ಕೆನ್ನೆ ತಟ್ಟಿ ಎದ್ದರು.

ಗೇಟು ತೆರೆದದ್ದೇ ತಡ, ಅಣೆಕಟ್ಟು ಒಡೆದ ಹಾಗೆ ಜನ ಬಂದರು. ಹೆಗಲ ಮೇಲೆ ಕೂಸು ಕೂರಿಸಿಕೊಂಡ ಅಪ್ಪಂದಿರು, ಒಂದೇ ಬಣ್ಣದ ಟೋಪಿ ಹಾಕಿದ ಸೈಕಲ್ ಸಂಘದವರು, ಮಡಚುವ ಕುರ್ಚಿಯನ್ನು ಊರುಗೋಲಿನಂತೆ ಹಿಡಿದ ಮುದುಕರು. ದುರ್ಬೀನು ತಿರುಗುಮುರುಗು ಹಿಡಿದ ಹುಡುಗಿಯೊಬ್ಬಳು, "ಅಮ್ಮಾ, ನೀನು ಎಷ್ಟು ದೂರ ಇದೀಯ!" ಎಂದು ಕೂಗಿ ಸುತ್ತಲಿನವರನ್ನೆಲ್ಲ ನಗಿಸಿದಳು. ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಮೀನಿನೊಡನೆ ಎದ್ದಾಗ ಇಡೀ ಹಲಗೆದಾರಿ ಹೋ ಎಂದಿತು. ಅವಳಿಗೆ ಮೈ ಜುಮ್ಮೆಂದಿತು. ಸಾಹೇಬರ ಮಾತು ಸುಳ್ಳಲ್ಲ. ಇಷ್ಟು ಜನ, ಇಷ್ಟು ಕಣ್ಣು, ಒಂದು ಹಕ್ಕಿಗಾಗಿ ಹೋ ಎನ್ನುವ ಇಷ್ಟು ಗಂಟಲು! ಇವರಿಗೆ ಆ ಮರಿಯನ್ನು ತೋರಿಸಿದರೆ ಏನಾದೀತು ಎಂದು ಊಹಿಸಿಕೊಂಡೇ ಅವಳ ಕಣ್ಣು ಒದ್ದೆಯಾಯಿತು.

ದೊಡ್ಡ ಮೇಡಂ, ಅಂದರೆ ಇಲಾಖೆಯ ಮುಖ್ಯಸ್ಥೆ, ಹಿಂದೆ ಬರುವ ಅಧಿಕಾರಿಗಳನ್ನು ಓಡಿಸುವಷ್ಟು ಬಿರುಸಾಗಿ ನಡೆದು ಬಂದರು. ಬೂಟಿನ ತುಂಬ ಕೆಸರು. ಮೊದಲು ಫಲಕ. ಚಿಕ್ಕಮ್ಮ ಮೆಟ್ಟಿಲು ಹತ್ತುವಾಗ ಕೆಲಸದವರೆಲ್ಲ "ಚೊಕ್ಕಮ್ಮ! ಚೊಕ್ಕಮ್ಮ!" ಎಂದು ಸಿಳ್ಳೆ ಹೊಡೆದರು. ಫಲಕವನ್ನು ಎದೆಗೆ ಒತ್ತಿ ಹಿಡಿದು ಕೆಳಗಿಳಿದ ಚಿಕ್ಕಮ್ಮ ಮೊದಲ ಸಾಲಿನಲ್ಲಿ ಕುಳಿತರು. ಮುಖ ಅರಳಿತ್ತು. ಆದರೆ ಮತ್ತೆ ಮತ್ತೆ ಅವರ ಕಣ್ಣು ತಿರುವಿನ ಕಡೆಗೆ ಹೋಗುತ್ತಿತ್ತು.

ಕಟ್ಟೆಯ ಬಳಿ ದೋಣಿಗಳು ತುಂಬಿದ್ದವು. ಕೇಸರಿ ಜಾಕೆಟ್ಟಿನ ಮಕ್ಕಳು ಕೂತಲ್ಲೇ ಕುಣಿಯುತ್ತಿದ್ದರು. ವರ್ಷಗಟ್ಟಲೆ ಹುಟ್ಟು ಹಾಕಿದ ಅಂಬಿಗ ಮಾಮ ಈಗ ಎಂಜಿನ್ನಿನ ಹಗ್ಗ ಎಳೆದು, ಅದು ಗುಡುಗಿದ ಕೂಡಲೇ ತಾನೇ ಹೆದರಿದವನಂತೆ ನಟಿಸಿ, ಮಕ್ಕಳನ್ನು ಇನ್ನಷ್ಟು ಕಿರುಚಿಸಿದ. ಒಂದರ ಹಿಂದೆ ಒಂದರಂತೆ ಎಂಜಿನ್ನುಗಳು ಹೊತ್ತಿಕೊಂಡವು. ನೀರು ಕಲಕಿ, ಅಲೆ ಎದ್ದು, ತಿರುವಿನತ್ತ ಸಾಗಿತು.

"ಓದಮ್ಮ," ಎಂದು ಸಾಹೇಬರು ಮೈಕು ಕೈಗಿತ್ತರು. "ನೀನು ಮುಗಿಸಿದ ತಕ್ಷಣ ಮೇಡಂ ಬಾವುಟ ತೋರಿಸ್ತಾರೆ."

ಅವಳು ಓದಿದಳು. ಸ್ವಾಗತ ಓದಿದಳು, ವಂದನೆ ಓದಿದಳು, ಹೊಳೆಯ ಉದ್ದಗಲ ಓದಿದಳು. ನಡುನಡುವೆ ಬಿಕ್ಕಳಿಕೆ ಬಂದರೂ ನಿಲ್ಲಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಆ ಸಾಲು ಬಂತು. ಅಕ್ಷರಗಳು ಅಲ್ಲೇ ಇದ್ದವು, ನಾಲಿಗೆ ಏಳಲಿಲ್ಲ.

"ಒಂದು ಕಾಲದಲ್ಲಿ," ಎಂದು ಸಾಹೇಬರು ಪಿಸುಗುಟ್ಟಿದರು.

ಅವಳು ತಲೆಯೆತ್ತಿದಳು. ದೋಣಿಗಳೆಬ್ಬಿಸಿದ ಅಲೆ ಬಂಡೆಯ ಬುಡಕ್ಕೆ ಹೋಗಿ ಬಡಿಯುತ್ತಿತ್ತು. ಬೇರುಗಳು ಮುಳುಗಿ ಏಳುತ್ತಿದ್ದವು. ಮೊದಲ ಸಾಲಿನಲ್ಲಿ ಚಿಕ್ಕಮ್ಮನೂ ಅದನ್ನೇ ನೋಡುತ್ತಿದ್ದರು. ನೋಡಿ, ಅವಳ ಕಡೆ ತಿರುಗಿದರು. ಆ ಮುಖದಲ್ಲಿ ಹೇಳು ಎಂದೂ ಇರಲಿಲ್ಲ, ಬೇಡ ಎಂದೂ ಇರಲಿಲ್ಲ. ಫಲಕದ ಅಂಚನ್ನು ಹಿಡಿದ ಬೆರಳುಗಳು ಮಾತ್ರ ಇನ್ನಷ್ಟು ಬಿಳುಪೇರಿದ್ದವು.

"ಏನಮ್ಮ? ಗಾಳಿಗೆ ಹಾಳೆ ಹಾರ್ತಿದೆಯಾ?" ಎಂದರು ದೊಡ್ಡ ಮೇಡಂ, ಬಾವುಟ ಹಿಡಿದುಕೊಂಡೇ.

ಅವಳು ಹಾಳೆಯನ್ನು ಮಡಚಿದಳು.

"ಎಂಜಿನ್ ಆರಿಸಿ ಮಾಮ," ಎಂದಳು.

ಧ್ವನಿವರ್ಧಕದಲ್ಲಿ ಆ ಮಾತು ಹೊಳೆಯ ಆಚೆ ದಡಕ್ಕೆ ತಾಗಿ ಮರಳಿ ಬಂತು. ಅಂಬಿಗ ಮಾಮ ಸಾಹೇಬರ ಮುಖ ನೋಡಿದ, ಅವಳ ಮುಖ ನೋಡಿದ, ಗುಂಡಿ ಒತ್ತಿದ. ಹಿಂದಿನ ದೋಣಿಯೂ ಆರಿತು, ಅದರ ಹಿಂದಿನದೂ. ಮಕ್ಕಳು ಕೂಡ ಯಾಕೋ ಸುಮ್ಮನಾದರು. ಉಳಿದ ಅಲೆಗಳು ಬಂದು ಹಲಗೆದಾರಿಯ ಕಂಬಗಳನ್ನು ನೆಕ್ಕಿ, ಸಣ್ಣಗಾಗಿ, ಕೊನೆಗೆ ನೀರು ತನ್ನ ಪಾಡಿಗೆ ತಾನು ಹರಿಯುವ ಸದ್ದೊಂದೇ ಉಳಿಯಿತು.

"ಇಲ್ಲಿ ನೀರುನಾಯಿಗಳಿವೆ," ಎಂದಳು ಅವಳು. "ಆ ಬಂಡೆ ಕೆಳಗೆ ಮರಿ ಇದೆ, ಬೆಳಗ್ಗೆ ನಾನು ನನ್ನ ಕಣ್ಣಾರೆ ನೋಡಿದೀನಿ. ಅವು ಎಲ್ಲಿಗೂ ಹೋಗಿಲ್ಲ. ನಾವಿದ್ದೀವಿ, ನಾವಿದ್ದೀವಿ ಅಂತ ದಿನಾ ಹೇಳ್ತಾನೇ ಇದ್ವು. ನಾವೇ ದಿನಾ ತೊಳೆದು ಹಾಕ್ತಿದ್ವಿ."